ಅಳತೆ ಕೊಟ್ಟ ಕಾಲು

ನಮ್ಮ ಬೈಲಹೊಂಗಲದ ಎರೆಮಣ್ಣನ್ನು ನೀವು ಕಂಡಿದ್ದೀರೋ ಇಲ್ಲವೋ ಗೊತ್ತಿಲ್ಲ. ಒಂದು ಮಳೆ ಬಿದ್ದರೆ ಸಾಕು, ಬೂಟಿಗೆ ಹತ್ತಿಕೊಂಡು ಮನೆತನಕ ಬರುತ್ತದೆ; ಬಂದಮೇಲೆ ಹೋಗು ಎಂದರೂ ಹೋಗುವುದಿಲ್ಲ. ಮೊನ್ನೆ ಹಿತ್ತಲ ಕಲ್ಲಿನ ಮೇಲೆ ಕುಳಿತು ಹಳೆಯದೊಂದು ಹಲ್ಲುಜ್ಜುವ ಬ್ರಶ್ಶಿನಿಂದ ನನ್ನ ಬೂಟು ತಿಕ್ಕುತ್ತಿದ್ದೆ. ನಿವೃತ್ತ ಮಾಸ್ತರನಿಗೆ ಇಂಥ ಘನಕಾರ್ಯಗಳೇ ಹೆಚ್ಚು. ಹಾಗೆ ತಿಕ್ಕುವಾಗ ಬೂಟಿನ ನಾಲಗೆಯ ಒಳಮಗ್ಗುಲಲ್ಲಿ ಉಗುರಿನಷ್ಟಗಲದ ಒಂದು ಚೀಟಿ ಕಂಡಿತು. ಕನ್ನಡಕ ತರಿಸಿಕೊಂಡು ಓದಿದೆ. ನನ್ನ ಬೂಟು ಹುಟ್ಟಿದ ದೇಶದ ಹೆಸರು ಅದರಲ್ಲಿತ್ತು. ಆ ದೇಶ ನಮ್ಮದಲ್ಲ.

ಬೇರೆ ದಿನವಾಗಿದ್ದರೆ ಇರಲಿ ಬಿಡು ಎಂದು ಮತ್ತೆ ತಿಕ್ಕುತ್ತಿದ್ದೆ. ಆದರೆ ಅದೇ ಮುಂಜಾನೆ ನೇಸರಗಿಯಿಂದ ಫೋನು ಬಂದಿತ್ತು. ಅಲ್ಲಿಯ ಹೈಸ್ಕೂಲಿನ ಹೆಡ್‌ಮಾಸ್ತರ ನನ್ನ ಕೈಯಲ್ಲಿ ಕಲಿತವನು. "ಸರ, ಆಗಸ್ಟ್ ಹದಿನೈದಕ್ಕ ನೀವ ಬರಬೇಕ್ರಿ. ಸ್ವದೇಶಿ ಬಗ್ಗೆ ನಾಕ ಮಾತ ಹೇಳ್ರಿ. ನಿಮ್ಮಂಗ ಹೇಳಾವ್ರು ಈಗ ಯಾರದಾರ್ರಿ?" ಎಂದಿದ್ದ. ಹೊಗಳಿಕೆಗೆ ನಾನು ಮೊದಲಿನಿಂದಲೂ ಸೋಲುವವನು. ಆತು ಬಿಡಪಾ, ಬರತೇನಿ ಎಂದುಬಿಟ್ಟಿದ್ದೆ.

ನನ್ನ ಹೆಂಡತಿ ಗಂಗಾ ಕನ್ನಡಕ ಕೊಟ್ಟವಳು ಅಲ್ಲೇ ನಿಂತು ಚೀಟಿಯ ಕಥೆ ಕೇಳಿದಳು. "ಹಂಗಾರ ಭಾಷಣಕ್ಕ ಬರಿಗಾಲಿಲೆ ಹೋಗ್ರಿ," ಎಂದಳು. "ಬರೇ ಬೂಟಷ್ಟ ಯಾಕ, ಕೈಯಾಗಿನ ಗಡಿಯಾರನೂ ಬಿಚ್ಚಿಡ್ರಿ. ಛತ್ರಿನೂ ಒಯ್ಯಬ್ಯಾಡ್ರಿ."

ನನಗೆ ಹಟ ಬಂತು. ಮನೆಯೊಳಗೆ ಯಾವ ಸಾಮಾನು ಎಲ್ಲಿಯದು ಎಂದು ತಪಾಸಣೆಗೆ ಇಳಿದೆ. ಗೋಡೆ ಗಡಿಯಾರ, ಬ್ಯಾಟರಿ, ಉಗುರು ಕತ್ತರಿ, ದೇವರ ಜಗಲಿಯ ಮಿಣಿಮಿಣಿ ದೀಪದ ಸರ ಎಲ್ಲವನ್ನೂ ಬೋರಲು ಹಾಕಿ ನೋಡಿದ್ದಾಯಿತು. ಮೊಬೈಲು ಮಾತ್ರ ನಮ್ಮ ದೇಶದ್ದೇ ಎಂದು ಬರೆದುಕೊಂಡಿತ್ತು. ಅದರ ಬಿಡಿಭಾಗ ಎಲ್ಲೆಲ್ಲಿಂದಲೋ ಬಂದು ಇಲ್ಲಿ ಬರೇ ಜೋಡಣೆಯಾಗಿರುತ್ತವೆ ಎಂದು ಯಾರೋ ಹೇಳಿದ್ದು ನೆನಪಾಗಿ ಆ ಸಂತೋಷವೂ ಅರ್ಧಕ್ಕೆ ನಿಂತಿತು. ಅಷ್ಟರಲ್ಲಿ ಗಂಗಾ ರೊಟ್ಟಿ ಬೇಯಿಸುತ್ತಿದ್ದ ಮಣ್ಣಿನ ಹಂಚನ್ನು ಇಕ್ಕಳದಿಂದ ಎತ್ತಿ ಹಿಡಿದು ಕೇಳಿದಳು: "ಇದರ ಮ್ಯಾಲ ಏನೂ ಬರದಿಲ್ಲಲ್ರಿ, ಇದು ಯಾ ದೇಶದ್ದು?"

ಅದು ಸಂತೆಯ ಕುಂಬಾರತಿಯಿಂದ ತಂದದ್ದು. ಅದಕ್ಕೆ ಚೀಟಿಯಿಲ್ಲ. ಅಲ್ಲಿಗೆ ನನ್ನ ತಪಾಸಣೆ ಮುಗಿಯಿತು, ಯಾಕೆಂದರೆ ನನಗೆ ಚೀಟಿಯಿಲ್ಲದ ಇನ್ನೊಂದು ವಸ್ತುವಿನ ನೆನಪು ಬಂದಿತ್ತು. ಹದಿನೇಳು ವರ್ಷಗಳಿಂದ ಬೇಕೆಂದೇ ಮರೆತುಕೊಂಡು ಬಂದ ನೆನಪು ಅದು.

ಅದನ್ನು ಹೇಳುವ ಮೊದಲು ನಮ್ಮ ಅಪ್ಪನ ಚಪ್ಪಲಿಯ ಸಂಗತಿ ಹೇಳಬೇಕು. ನಮ್ಮ ಹುಟ್ಟೂರು ಸಂಪಗಾಂವ. ಊರಲ್ಲಿ ಅಪ್ಪನನ್ನು ಗೌಡರು ಎನ್ನುತ್ತಿದ್ದರು. ಹೊಲಮನೆ ಇತ್ತು, ಮೀಸೆ ಇತ್ತು, ಎಲ್ಲಕ್ಕಿಂತ ಮಿಗಿಲಾಗಿ ಕಿರ್ರುಗುಟ್ಟುವ ಚಪ್ಪಲಿ ಇತ್ತು. ಊರಬಾಗಿಲ ಅಗಸಿಯ ಹತ್ತಿರ ಅಪ್ಪ ಕಾಲಿಟ್ಟರೆ ನಮ್ಮ ಮನೆಯ ಪಡಸಾಲೆಗೆ ಕಿರ್ರ್, ಕಿರ್ರ್ ಎಂದು ಕೇಳುತ್ತಿತ್ತು. ಗೋಲಿ ಆಡುತ್ತಿದ್ದ ನಾನು ಗೋಲಿಯನ್ನು ಬಾಯಲ್ಲಿ ಬಚ್ಚಿಟ್ಟುಕೊಂಡು ಪುಸ್ತಕ ಹಿಡಿಯುತ್ತಿದ್ದೆ. ಒಮ್ಮೆ ಪುಸ್ತಕ ತಲೆಕೆಳಗಾಗಿತ್ತು. ಅಪ್ಪ ನೋಡಿ, "ಜೋರ ಓದಲಾ," ಎಂದರು. ಬಾಯಲ್ಲಿ ಗೋಲಿ. ಆ ದಿನ ತಿಂದ ಏಟನ್ನು ನನ್ನ ಬೆನ್ನು ಈಗಲೂ ನೆನೆಯುತ್ತದೆ.

ಆ ಚಪ್ಪಲಿ ಹೊಲಿಯುತ್ತಿದ್ದವನು ನಮ್ಮೂರಿನ ಯಲ್ಲಪ್ಪ. ವರ್ಷಕ್ಕೊಮ್ಮೆ ಸುಗ್ಗಿ ಮುಗಿದ ಮೇಲೆ ಅಳತೆ ತೆಗೆದುಕೊಳ್ಳಲು ಬರುತ್ತಿದ್ದ. ಆ ದಿನ ನಮಗೆ ಹಬ್ಬವೇ. ಹಾಳೆಯ ಮೇಲೆ ಕಾಲಿಟ್ಟರೆ ಪೆನ್ಸಿಲ್ಲಿನಿಂದ ಸುತ್ತಲೂ ಗೆರೆ ಎಳೆಯುತ್ತಿದ್ದ. ಬೆರಳ ಸಂದಿಗೆ ಪೆನ್ಸಿಲ್ಲು ಬಂದಾಗ ಕಚಗುಳಿಯಾಗಿ ನಾನು ಕಾಲು ಕೀಳುತ್ತಿದ್ದೆ, ಗೆರೆ ಎಲ್ಲೋ ಓಡುತ್ತಿತ್ತು. "ಹಿಂಗ ಮಾಡಿದ್ರ ಸಣ್ಣ ಗೌಡ್ರಿಗೆ ಎಂಟ ಬೆರಳಿನ ಚಪ್ಪಲಿ ಆಗತೈತಿ ನೋಡ್ರಿ," ಎಂದು ನಗಿಸುತ್ತಿದ್ದ. ಬೆಳೆಯುವ ಕಾಲೆಂದು ಒಂದು ಬೆರಳು ಹೆಚ್ಚಿಗೆ ಹಿಡಿಯುತ್ತಿದ್ದ.

ಹಾಳೆಯದೇ ಒಂದು ದೊಡ್ಡ ರಾಮಾಯಣ. ಹಳೆಯ ಪತ್ರಿಕೆ ಬೇಕು, ಅದರಲ್ಲಿ ದೇವರ ಚಿತ್ರ ಇರಬಾರದು, ಸ್ವಾಮಿಗಳ ಚಿತ್ರ ಇರಬಾರದು, ಮುಖಂಡರ ಚಿತ್ರವೂ ಇರಬಾರದು. ಅವರ ಮೇಲೆ ಕಾಲಿಡುವುದು ಹೇಗೆ? ಹುಡುಕಿ ಹುಡುಕಿ ಕೊನೆಗೆ ಪೇಟೆ ಧಾರಣೆಯ ಪುಟ ಸಿಗುತ್ತಿತ್ತು. ಅಪ್ಪ ಹತ್ತಿ, ಶೇಂಗಾ, ಜೋಳದ ದರದ ಮೇಲೆ ಕಾಲಿಟ್ಟು ನಿಲ್ಲುತ್ತಿದ್ದರು. ಅಪ್ಪನ ಎರಡನೆಯ ಬೆರಳು ಹೆಬ್ಬೆರಳಿಗಿಂತ ಉದ್ದ, ನನ್ನದೂ ಹಾಗೆಯೇ.

ಚಿತ್ರದ ಮೇಲೆ ಕಾಲಿಡಬಾರದು ಎಂಬ ಎಚ್ಚರ ನಮ್ಮ ಮನೆಯಲ್ಲಿ ಅಷ್ಟಿತ್ತು. ಅಪ್ಪ ಮೆಟ್ಟಿಲ ಮೇಲೆ ನಿಲ್ಲುತ್ತಿದ್ದರು, ಯಲ್ಲಪ್ಪ ಮೆಟ್ಟಿಲ ಕೆಳಗೆ ಬಿಸಿಲಲ್ಲಿ ಕುಕ್ಕರುಗಾಲಲ್ಲಿ ಕೂಡುತ್ತಿದ್ದ. ನೀರು ಕೇಳಿದರೆ ಅವ್ವ ಮೇಲಿನಿಂದ ತಂಬಿಗೆ ಬಗ್ಗಿಸುತ್ತಿದ್ದಳು, ಆತ ಬೊಗಸೆಯಲ್ಲಿ ಹಿಡಿದು ಕುಡಿಯುತ್ತಿದ್ದ. ಅವನಿಗೆ ನನ್ನ ಅಪ್ಪನದೇ ವಯಸ್ಸು ಇದ್ದೀತು, ಹೆಚ್ಚೆಂದರೆ ಹತ್ತು ವರ್ಷ ಚಿಕ್ಕವನು. ನಾನು ಚಡ್ಡಿ ಹುಡುಗ, "ಯಲ್ಲಪ್ಪಾ, ನಂದು ಯಾವಾಗ ಕೊಡತಿ?" ಎಂದು ಏಕವಚನದಲ್ಲಿ ಕೇಳುತ್ತಿದ್ದೆ. ಆತ ನನಗೆ "ಎಂಟ ದಿನಕ್ಕ ಕೊಡತೇನ್ರಿ" ಎನ್ನುತ್ತಿದ್ದ. ಇದರಲ್ಲಿ ಏನಾದರೂ ಹೆಚ್ಚುಕಡಿಮೆ ಇದೆ ಎಂದು ನಮ್ಮ ಮನೆಯಲ್ಲಿ ಯಾರಿಗೂ ಅನ್ನಿಸಲಿಲ್ಲ, ನನಗೂ ಅನ್ನಿಸಲಿಲ್ಲ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಆ ಕಿರ್ರುಗುಟ್ಟುವ ಗುಟ್ಟನ್ನು ಯಲ್ಲಪ್ಪ ಯಾರಿಗೂ ಬಿಟ್ಟುಕೊಡಲಿಲ್ಲ. ತಳದ ಎರಡು ಪದರಗಳ ನಡುವೆ ಏನನ್ನೋ ಇಟ್ಟು ಹೊಲಿಯುತ್ತಿದ್ದ. ನಾನು ಕಾಡಿ ಬೇಡಿ ಕೇಳಿದಾಗ, "ಒಂದ ಮಿಡತಿ ಹಿಡದ ಒಳಗ ಕುಂದರಸತೇನ್ರಿ, ಅದು ಒದರತೈತಿ," ಎಂದಿದ್ದ. ನಾನು ಎರಡು ದಿನ ಮಿಡತೆಗೆ ಉಸಿರು ಕಟ್ಟೀತೆಂದು ಅಪ್ಪನ ಚಪ್ಪಲಿಯನ್ನು ಕಿಟಕಿಯಲ್ಲಿ ಗಾಳಿಗಿಟ್ಟಿದ್ದೆ. ಅವನದು ಇನ್ನೊಂದು ನೇಮವಿತ್ತು. ಒಬ್ಬರ ಅಳತೆಗೆ ಹೊಲಿದ ಜೋಡನ್ನು ಏನೇ ಆದರೂ ಇನ್ನೊಬ್ಬರಿಗೆ ಮಾರುತ್ತಿರಲಿಲ್ಲ. ಅಳತೆ ಕೊಟ್ಟ ಕಾಲು ಬರುವತನಕ ಅದು ಅಲ್ಲೇ ಇರಬೇಕು.

ಮುಂದೆ ನಾನು ಮಾಸ್ತರನಾಗಿ ಕಿತ್ತೂರಿಗೆ ಹೋದೆ. ಮೊದಲ ವರ್ಷ ಯಲ್ಲಪ್ಪನ ಚಪ್ಪಲಿಯನ್ನೇ ಮೆಟ್ಟಿ ಸಾಲೆಗೆ ಹೋಗುತ್ತಿದ್ದೆ. ಒಂದು ತಿಂಗಳಲ್ಲಿ ನನಗೊಂದು ಸತ್ಯ ತಿಳಿಯಿತು: ನಾನು ವರಾಂಡದ ಆ ತುದಿಯಲ್ಲಿ ಇರುವಾಗಲೇ ವರ್ಗದ ಹುಡುಗರೆಲ್ಲ ಸಂತರ ಹಾಗೆ ಪುಸ್ತಕ ಹಿಡಿದು ಕೂತಿರುತ್ತಿದ್ದರು. ಗೋಲಿ ಬಾಯಲ್ಲಿಟ್ಟುಕೊಂಡಿದ್ದವನಿಗೆ ಇದು ಅರ್ಥವಾಗದೆ ಇದ್ದೀತೆ? ಹುಬ್ಬಳ್ಳಿಗೆ ಹೋಗಿ ಸದ್ದಿಲ್ಲದ ಬೂಟು ತಂದೆ. ಬೂಟು ಹಾಕಿದ ಮೇಲೆ ಸಹೋದ್ಯೋಗಿಗಳು ನನ್ನನ್ನು ಸರ್ ಎಂದರು. ಅಲ್ಲಿಂದ ಇಲ್ಲಿಯವರೆಗೆ ಬೂಟು ಬಿಟ್ಟಿಲ್ಲ.

ಹದಿನೇಳು ವರ್ಷದ ಹಿಂದೆ ಅಪ್ಪ ತೀರಿಕೊಂಡರು. ಮಣ್ಣಾದ ಮೂರನೆಯ ದಿನ ಯಲ್ಲಪ್ಪ ಬಂದ. ಪಡಸಾಲೆಯಲ್ಲಿ ಬಂಧುಬಳಗ ತುಂಬಿತ್ತು. ಆತ ಎಂದಿನಂತೆ ಮೆಟ್ಟಿಲ ಕೆಳಗೆ ನಿಂತು, ಮೂಲೆಯಲ್ಲಿ ಬಿಟ್ಟಿದ್ದ ಅಪ್ಪನ ಚಪ್ಪಲಿಯನ್ನು ನೋಡುತ್ತ ಕಣ್ಣೀರು ಒರೆಸಿಕೊಂಡ. ನಾನು ಎದ್ದೆ. ಹೊರಗೆ ಹೋಗಿ, "ಯಲ್ಲಪ್ಪಾ, ನನಗೊಂದ ಜೋಡ ಹೊಲದ ಕೊಡು. ಅಪ್ಪನ ಚಪ್ಪಲಿ ಹಂಗ ಸಪ್ಪಳ ಬರಬೇಕ ನೋಡು," ಎಂದೆ. ಆತ ಅಲ್ಲಿಯೇ ಕುಳಿತು ಅಳತೆ ತೆಗೆದುಕೊಂಡ. ಹಾಳೆ ಪೇಟೆ ಧಾರಣೆಯದೇ.

ಆಮೇಲೆ ನಾನು ಕೆಲಸಕ್ಕಿದ್ದ ರಾಮದುರ್ಗಕ್ಕೆ ಮರಳಿದೆ. ಜೋಡು ತಯಾರಾಗಿದೆ ಎಂದು ಯಲ್ಲಪ್ಪ ಎರಡು ಸಲ ಹೇಳಿ ಕಳಿಸಿದ. ಈ ರವಿವಾರ ಬರತೇನಿ, ಬರೂ ರವಿವಾರ ಬರತೇನಿ ಎಂದೆ. ಅಪ್ಪ ಸತ್ತ ದುಃಖ ಒಂದಿಷ್ಟು ಆರಿತ್ತು. ಚಪ್ಪಲಿಯ ಆಸೆಯೂ ಅದರ ಜೊತೆಗೇ ಆರಿತ್ತು.

ಇನ್ನು ಆ ವರ್ಷದ ಆಗಸ್ಟ್ ಹದಿನೈದರ ಸಂಗತಿ. ಇಷ್ಟು ಹೊತ್ತು ಅಡ್ಡದಾರಿ ಹಿಡಿದು ಓಡಾಡಿದೆ, ಇನ್ನು ತಪ್ಪಿಸಿಕೊಳ್ಳಲು ಆಗುವುದಿಲ್ಲ. ರಾಮದುರ್ಗದ ನಮ್ಮ ಸಾಲೆಯ ಬಯಲಿನಲ್ಲಿ ಧ್ವಜ ಏರಿಸಿದ ಮೇಲೆ ಭಾಷಣ ನನ್ನದು, ವಿಷಯ ಸ್ವದೇಶಿ. ವೇದಿಕೆಯ ಮೇಲೆ ಊರಿನ ದೊಡ್ಡ ವ್ಯಾಪಾರಿಯೊಬ್ಬರು ಅತಿಥಿಗಳಾಗಿದ್ದರು. ನನ್ನ ಕಾಲಲ್ಲಿ ಹದಿನೈದು ದಿನದ ಹಿಂದೆ ಕೊಂಡ ಹೊಸ ಕರಿ ಬೂಟು ಮಿರಿಮಿರಿ ಮಿಂಚುತ್ತಿತ್ತು. ಅಂದು ಮಾತು ಚೆನ್ನಾಗಿ ಬಂತು. "ನಮ್ಮೂರಿನ ನೇಕಾರ ನಮ್ಮವನು! ನಮ್ಮೂರಿನ ಕುಂಬಾರ ನಮ್ಮವನು! ನಮ್ಮೂರಿನಲ್ಲಿ ಚಪ್ಪಲಿ ಹೊಲಿಯುವವನು ನಮ್ಮವನು! ಅವರ ಕೈಯಿಂದ ಕೊಳ್ಳುವುದೇ ದೇಶಸೇವೆ!" ಎಂದು ಕೈಯೆತ್ತಿ ದೂರಕ್ಕೆ ತೋರಿಸಿದೆ. ನನ್ನ ಬೆರಳು ತೋರಿಸಿದ ಕಡೆ ಸಾಲೆಯ ಗೇಟಿತ್ತು. ಗೇಟಿನ ಹೊರಗೆ ಯಲ್ಲಪ್ಪ ನಿಂತಿದ್ದ. ತಲೆಗೆ ರುಮಾಲು, ಕೈಯಲ್ಲಿ ಪತ್ರಿಕೆ ಸುತ್ತಿದ ಒಂದು ಗಂಟು.

ಆತ ನನ್ನನ್ನು ನೋಡಿ ನಕ್ಕ. ಗಂಟನ್ನು ಸ್ವಲ್ಪ ಮೇಲೆತ್ತಿ ತೋರಿಸಿದ. ಹುಡುಗರು ಚಪ್ಪಾಳೆ ತಟ್ಟಿದರು.

ನಾನು ಹಿಂದಿನ ಗೇಟಿನಿಂದ ಹೋದೆ. ಯಾಕೆ ಎಂದು ನೀವು ಕೇಳುತ್ತೀರಿ, ನಾನೂ ಹದಿನೇಳು ವರ್ಷ ಕೇಳಿಕೊಂಡಿದ್ದೇನೆ. ಮುಂದಿನ ಗೇಟಿಗೆ ಹೋದರೆ ಆತ ಅಲ್ಲಿಯೇ ಕುಕ್ಕರಿಸುತ್ತಾನೆ, ಬೂಟು ಬಿಚ್ಚಲು ಹೇಳುತ್ತಾನೆ, ಎಲ್ಲರೆದುರು ನನ್ನ ಕಾಲು ಹಿಡಿಯುತ್ತಾನೆ. ವ್ಯಾಪಾರಿ ನೋಡುತ್ತಾರೆ, ಈಗಷ್ಟೇ ಚಪ್ಪಾಳೆ ತಟ್ಟಿದ ಹುಡುಗರು ನನ್ನ ಹೊಸ ಬೂಟನ್ನು ನೋಡುತ್ತಾರೆ. ನಾಳೆಯೇ ಸಂಪಗಾಂವಕ್ಕೆ ಹೋಗಿ ತೆಗೆದುಕೊಂಡರಾಯಿತು ಎಂದುಕೊಂಡೆ. ಅತಿಥಿಗಳ ಜೀಪಿನಲ್ಲಿ ಕೂತು ಹೋಗಿಬಿಟ್ಟೆ. ಆ ನಾಳೆ ಬರಲಿಲ್ಲ. ಸಂಪಗಾಂವಕ್ಕೆ ಹೋದಾಗಲೂ ಯಲ್ಲಪ್ಪನ ಓಣಿ ತಪ್ಪಿಸಿ ಓಡಾಡಿದೆ. ಆಮೇಲೆ ಹೊಲ ಪಾಲಾಯಿತು, ಊರಿಗೆ ಹೋಗುವುದೇ ತಪ್ಪಿತು.

ಬೂಟಿನ ಚೀಟಿ ಓದಿದ ಆ ರಾತ್ರಿ ಇದನ್ನೆಲ್ಲ ಗಂಗಾಗೆ ಹೇಳಿದೆ. ಎಲ್ಲಕ್ಕೂ ಚೇಷ್ಟೆ ಮಾಡುವವಳು ಇದಕ್ಕೆ ಮಾಡಲಿಲ್ಲ. "ಹೋಗಿ ಹೇಳಿ ಬರ್ರಿ," ಎಂದಳು ಅಷ್ಟೇ. ತಪ್ಪಾಯಿತು ಎಂದು ಯಲ್ಲಪ್ಪನ ಎದುರು ನಿಂತು ಹೇಳಬೇಕು, ಆ ಜೋಡು ಇದ್ದರೆ ಇಸಿದುಕೊಂಡು ಮೆಟ್ಟಬೇಕು, ಅದನ್ನು ಮೆಟ್ಟಿಕೊಂಡೇ ನೇಸರಗಿಗೆ ಹೋಗಬೇಕು ಎಂದು ನಿರ್ಧಾರ ಮಾಡಿದೆ. ಆತ ಇನ್ನೂ ಇದ್ದಾನೋ ಇಲ್ಲವೋ ಎಂಬ ಅಂಜಿಕೆ ಮಾತ್ರ ಇತ್ತು.

ರವಿವಾರ ಸಂಪಗಾಂವದ ಬಸ್ಸು ಹಿಡಿದೆ. ಯಲ್ಲಪ್ಪನ ಮನೆಗೆ ಕೀಲಿ. ಬದಿಯ ಕಟ್ಟೆಯ ಮೇಲೆ ಶೇಂಗಾ ಒಡೆಯುತ್ತಿದ್ದ ಮುದುಕಿ ಹೇಳಿದಳು: "ಯಲ್ಲಪ್ಪನೇನ್ರಿ? ಸವದತ್ತಿಯೊಳಗ ಮಗಳ ಹಂತ್ಯಾಕ ಅದಾನ್ರಿ. ಮಗಳು ದವಾಖಾನ್ಯಾಗ ನರ್ಸ ಅದಾಳ. ಅವನ್ನ ರಾಜನಂಗ ಇಟ್ಟಾಳ್ರಿ." ಬದುಕಿದ್ದಾನೆ ಎಂದು ಕೇಳಿದ್ದೇ ನನಗೆ ಅರ್ಧ ತಪ್ಪು ಮಾಫಾದಂತೆ ಅನ್ನಿಸಿತು. ಮುದುಕಿ ಕೊಟ್ಟ ಹಿಡಿ ಶೇಂಗಾ ತಿನ್ನುತ್ತ ಸವದತ್ತಿಯ ಬಸ್ಸು ಹತ್ತಿದೆ.

ಸವದತ್ತಿಯಲ್ಲಿ ಯಲ್ಲಪ್ಪ ಎಂಬವರ ಮನೆ ಹುಡುಕುವುದೆಂದರೆ ಏನೆಂದು ಗೊತ್ತಿದ್ದವರಿಗೆ ಗೊತ್ತು. ಯಲ್ಲಮ್ಮನ ಊರಿನಲ್ಲಿ ಕಲ್ಲೆಸೆದರೆ ಒಬ್ಬ ಯಲ್ಲಪ್ಪನಿಗೆ ಬೀಳುತ್ತದೆ. ನರ್ಸ್‌ಬಾಯಿಯವರ ಮನೆ ಎಂದು ಕೇಳಿದ್ದರಿಂದ ಬಚಾವಾದೆ. ಏರುದಾರಿಯ ಓಣಿ, ನೀಲಿ ಬಾಗಿಲು. ಮೂವತ್ತು ದಾಟಿದ ಹೆಣ್ಣುಮಗಳು ಬಾಗಿಲು ತೆರೆದು ಒಂದು ಕ್ಷಣ ನೋಡಿದಳು.

"ಬರ್ರಿ ಸರ," ಎಂದಳು.

"ನನ್ನ ಗುರ್ತ ಐತೇನವಾ ನಿನಗ?"

"ನಿಮ್ಮ ಕೈಯಾಗ ಕಲತಾಕಿ ರೀ ನಾ. ರಾಮದುರ್ಗದಾಗ, ಒಂಬತ್ತನೇತ್ತಾ. ನಮ್ಮ ಅತ್ತಿ ಮನಿಯಾಗ ಇದ್ದ ಸಾಲಿ ಕಲತೇನ್ರಿ. ಸುಜಾತಾ."

ಸುಜಾತಾ ಯಲ್ಲಪ್ಪ. ಒಂದು ವರ್ಷ ಪೂರ್ತಿ ಮುಂಜಾನೆ ಹಾಜರಿಯಲ್ಲಿ ಆ ಹೆಸರು ಕೂಗಿದ್ದೆ. ನಮ್ಮ ಸೀಮೆಯ ಹಾಜರಿಪಟ್ಟಿಯಲ್ಲಿ ಹತ್ತು ಮಂದಿಯ ಅಪ್ಪಂದಿರು ಯಲ್ಲಪ್ಪರೇ. ಯಾವ ಯಲ್ಲಪ್ಪ ಎಂದು ನಾನು ಎಂದೂ ಕೇಳಿರಲಿಲ್ಲ. ಆ ಆಗಸ್ಟ್ ಹದಿನೈದರಂದು ಈಕೆ ಅಲ್ಲಿದ್ದಳೇ ಎಂದು ಲೆಕ್ಕ ಹಾಕುತ್ತ ಬೂಟು ಬಿಚ್ಚಿ ಒಳಗೆ ಹೋದೆ. ಗೋಡೆಯ ಮೇಲೆ ಕಣ್ಣುಮುಚ್ಚಿ ಕುಳಿತ ಬುದ್ಧನ ಚಿತ್ರ, ಅದರ ಕೆಳಗೆ ಹಾಲಿನಂಥ ಬಿಳಿ ಹೂವು. ಕಿಟಕಿಯ ಹತ್ತಿರ ಕೈಯಿರುವ ಕುರ್ಚಿಯಲ್ಲಿ ಯಲ್ಲಪ್ಪ ಕುಳಿತಿದ್ದ. ಒಣಗಿದ ದೇಹ, ಹಾಲುಗಟ್ಟಿದ ಕಣ್ಣು, ತೊಡೆಯ ಮೇಲಿನ ಕೈಗಳು ನಡುಗುತ್ತಿದ್ದವು. ಸುಜಾತಾ ನನಗೂ ಕುರ್ಚಿ ಹಾಕಿದಳು. ಆತನ ಎದುರು ಆತನಷ್ಟೇ ಎತ್ತರದಲ್ಲಿ ನಾನು ಕುಳಿತದ್ದು ಅದೇ ಮೊದಲು.

"ಹೆಂಗದೀರಿ ಯಲ್ಲಪ್ಪಾರ?" ಎಂದೆ. ನನ್ನ ಬಾಯಿಂದ ಆತನಿಗೆ ಬಹುವಚನ ಬಂದದ್ದೂ ಅದೇ ಮೊದಲು.

ಮುದುಕ ದನಿ ಬಂದ ಕಡೆ ತಿರುಗಿದರು. "ದನಿ ನಮ್ಮ ಸಂಪಗಾಂವ ಗೌಡ್ರದಿದ್ದಂಗ ಐತಿ," ಎಂದರು. "ಮಾತ ಅವರದಲ್ಲ." ಆಮೇಲೆ ಮುಖ ಅರಳಿತು. "ಮಾಸ್ತರ್ರ! ಬಂದ್ರ್ಯಾ! ಬರತಾರ, ಅಳತಿ ಕೊಟ್ಟ ಕಾಲು ಎಲ್ಲಿ ಹೋಕ್ಕಾವ ಅಂತ ನಾ ಹೇಳಾವ. ಕೇಳ್ರಿ ಬೇಕಾರ ಇಕೀನ್ನ."

ನಾನು ಬಾಯಿ ತೆರೆದೆ. "ಯಲ್ಲಪ್ಪಾರ, ಅವತ್ತ ರಾಮದುರ್ಗದಾಗ..."

"ಅಯ್ಯ, ಗೊತ್ತೈತ್ ಬಿಡ್ರಿ!" ಎಂದು ಅವರು ನಡುವೆಯೇ ತಡೆದರು. "ಅರ್ಜೆಂಟ ಫೋನ ಬಂತಂತ, ನೀವು ಹಂಗ ಹೋಗಬೇಕಾತಂತ. ಸರ ನಿನ್ನ ಕೇಳಿದ್ರು, ಭಾಳ ಹಳಹಳಿಸಿದ್ರು ಅಂತ ಮಗಳು ಅವತ್ತ ಬಂದ ಹೇಳಿದ್ಲು. ನಾ ಸಂಜಿತನಾ ಗೇಟಿನ್ಯಾಗ ನಿಂತಿದ್ದೆ. ಹೇಳಿದ ಮ್ಯಾಲ ಸಮಾಧಾನ ಆತ್ರಿ."

ನಾನು ಸುಜಾತಾಳ ಕಡೆ ನೋಡಿದೆ. ಆಕೆ ನನ್ನ ಕಡೆ ನೋಡಲಿಲ್ಲ. ಚಹಾ ಇಡುತ್ತೇನೆಂದು ಒಳಗೆ ಹೋದಳು. ಸಂಜೆಯತನಕ ಎಂಬ ಮಾತು ನನ್ನ ಎದೆಯಲ್ಲಿ ಹೂತುಕೊಂಡಿತು.

ಯಲ್ಲಪ್ಪ ಮಂಚದ ಕೆಳಗಿನ ತಗಡಿನ ಪೆಟ್ಟಿಗೆ ಎಳೆಯಲು ಹೇಳಿದರು. ಉಳಿ, ಸೂಜಿ, ಮೇಣದ ಉಂಡೆಗಳ ನಡುವೆ ಬಟ್ಟೆಯಲ್ಲಿ ಸುತ್ತಿದ ಜೋಡಿತ್ತು. ತಳದ ಮೇಲೆ ಎಳ್ಳಿನ ಸಾಲಿನಂಥ ಹೊಲಿಗೆ. "ವರ್ಷಾ ದೀಪಾವಳಿಗೆ ಎಣ್ಣಿ ಹಚ್ಚೇನ್ರಿ, ಈಗೆರಡ ವರ್ಷದಿಂದ ಮಗಳ ಕೈಲೆ ಹಚ್ಚಿಸೇನಿ. ಪಟ್ಟಿಗಷ್ಟ. ತಳಕ್ಕ ಹಚ್ಚಿದ್ರ ದನಿ ಹೋಕ್ಕತಿ," ಎಂದರು. ಅದರ ಕೆಳಗೆ ಎರಡು ಹಳದಿಗಟ್ಟಿದ ಹಾಳೆ. ಒಂದು ನನ್ನ ಕಾಲು. ಇನ್ನೊಂದು ಹತ್ತಿ ಜೋಳದ ದರಗಳ ಮೇಲೆ ಎಳೆದ ನಮ್ಮ ಅಪ್ಪನ ಕಾಲು, ಹೆಬ್ಬೆರಳಿಗಿಂತ ಉದ್ದನೆಯ ಆ ಎರಡನೆಯ ಬೆರಳು. ಅದರ ಮೇಲೆ ಕೈಯಿಟ್ಟೆ. ಅಪ್ಪನ ಕಾಲು ನಮ್ಮ ಮನೆಯಲ್ಲಿ ಎಲ್ಲಿಯೂ ಉಳಿದಿರಲಿಲ್ಲ.

"ಮೆಟ್ಟರಿ ಮತ್ತ," ಎಂದು ಯಲ್ಲಪ್ಪ ಅಭ್ಯಾಸಬಲದಿಂದ ಕುರ್ಚಿಯಿಂದ ಬಗ್ಗಿ ಕೈ ಚಾಚಿದರು; ಚಾಚಿದವರು ಹಿಂದಕ್ಕೆ ತೆಗೆದುಕೊಂಡು ಮಗುವಿನ ಹಾಗೆ ನಕ್ಕರು. "ಮುಟ್ಟಾಂಗಿಲ್ರಿ. ಇನ್ನ ಯಾರ ಕಾಲೂ ಹಿಡ್ಯಾಂಗಿಲ್ಲ ಅಂತ ಮಗಳ ಕಟ್ಟಪ್ಪಣಿ ಐತಿ."

"ಹುಟ್ಟಿದಾಗಿಂದ ಮಂದಿ ಕಾಲ ಹಿಡದಾನ್ರಿ," ಎಂದು ಚಹಾ ತಂದ ಸುಜಾತಾ ಅಂದಳು. "ಸಾಕಲ್ರಿ."

ನಾನು ಬಲಗಾಲು ತೂರಿಸಿದೆ. ಹೋಗಲಿಲ್ಲ. ನಲವತ್ತು ವರ್ಷ ಬೂಟಿನೊಳಗೆ ಇದ್ದು ನನ್ನ ಹೆಬ್ಬೆರಳು ಒಳಕ್ಕೆ ಬಾಗಿಬಿಟ್ಟಿದೆ. ಮೇಲೆ ಸಕ್ಕರೆ ಕಾಯಿಲೆಯ ಬಾವು. ಹೆಬ್ಬೆರಳು ತೂರಿಸುವ ಉಂಗುಟದೊಳಗೆ ಅದು ಹಿಡಿಸಲಿಲ್ಲ, ಹಿಮ್ಮಡಿ ಅರ್ಧ ಹೊರಗೆ ನಿಂತಿತು. ಹಾಳೆಯ ಮೇಲಿನ ಕಾಲು ನನ್ನದೇ, ಆದರೆ ಅಂಥ ಕಾಲು ಈಗ ನನ್ನ ಹತ್ತಿರ ಇರಲಿಲ್ಲ.

"ಕುಂತಾವೇನ್ರಿ?" ಯಲ್ಲಪ್ಪ ಉಸಿರು ಹಿಡಿದು ಕೇಳಿದರು.

"ಕುಂತಾವ್ರಿ," ಎಂದೆ.

ಚಹಾದ ಬಸಿ ಇಡುವ ನೆವದಲ್ಲಿ ಒಳಗೆ ಹೋದೆ. "ಸುಜಾತಾ, ನಾ ಖರೇ ಹೇಳಾಕ ಬಂದೇನವಾ. ಅವತ್ತ ಯಾ ಫೋನೂ ಬಂದಿದ್ದಿಲ್ಲ," ಎಂದೆ.

"ಗೊತ್ತೈತ್ರಿ ಸರ. ಮೂರನೇ ಸಾಲಿನ್ಯಾಗ ಕುಂತಿದ್ದೆ." ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. "ನಮ್ಮಪ್ಪ ಏನ ಕೆಲಸ ಮಾಡತಾನಂತ ಅಲ್ಲೀತನಾ ಸಾಲ್ಯಾಗ ಯಾರ ಮುಂದೂ ಹೇಳಿದ್ದಿಲ್ರಿ ನಾ. ನಿಮ್ಮ ಭಾಷಣ ಕೇಳಿ ಎಷ್ಟ ಖುಷಿ ಆತಂದ್ರ, ಬಾಜೂ ಕುಂತ ಗೆಳತ್ಯಾರಿಗೆಲ್ಲಾ ತೋರಿಸಿದೆ, ಅಲ್ಲಿ ಗೇಟಿನ್ಯಾಗ ನಿಂತಾನಲ್ಲ, ಅವ ನಮ್ಮಪ್ಪ, ಸರು ಹೇಳಾಕತ್ತಿದ್ದು ಅವಂದ ಅಂತ. ಆಮ್ಯಾಲ ಎಲ್ಲಾರೂ ನೋಡಿದ್ವಿ, ನೀವು ಹಿಂದಿನ ಗೇಟಿಲೆ ಹೋದ್ರಿ."

ಏನಾದರೂ ಹೇಳಬೇಕೆಂದು, ಈ ಕೈಕೆಲಸ ಅವರೊಂದಿಗೇ ಮುಗಿಯುತ್ತದಲ್ಲ, ಇಂಥ ಚಪ್ಪಲಿ ನಮ್ಮ ನಾಡಿನಲ್ಲಿ ಇನ್ನು ಯಾರು ಹೊಲಿಯುತ್ತಾರೆ ಎಂದು ಹಲುಬಿದೆ.

"ಊರಾಗ ಮಾಡಿದ್ದು ಬೇಕು ಅಂತ ನೀವೆಲ್ಲಾರೂ ಅಂದ್ರಿ ಸರ," ಎಂದಳು. "ಮಾಡಾವ ಬೇಕಾಗಿದ್ನೇನ್ರಿ?"

ಸ್ಟೀಲಿನ ಬಸಿಯನ್ನು ನನ್ನ ಕೈಯಿಂದ ತೆಗೆದುಕೊಂಡಳು. "ಅಪ್ಪನ ಮುಂದ ಮಾತ್ರ ಹೇಳಬ್ಯಾಡ್ರಿ. ಹೇಳಿದ್ರ ನಿಮ್ಮ ಮನಸ್ಸು ಹಗರ ಆಗತೈತಿ. ಅವನ ಹಂತ್ಯಾಕ ಆ ಮಾತ ಒಂದ ಐತ್ರಿ, ಮಾಸ್ತರು ನನ್ನ ಕೇಳಿದ್ರು ಅಂತ."

ಕ್ಷಮೆ ಕೇಳಲು ಹೋದವನಿಗೆ ಕ್ಷಮೆ ಕೇಳುವ ಅಪ್ಪಣೆಯೂ ಸಿಗಲಿಲ್ಲ. ಸಿಗಬಾರದಿತ್ತು ಎಂದು ಈಗ ಅನ್ನಿಸುತ್ತದೆ. ನೇಸರಗಿಯ ಭಾಷಣ ಏನಾಯಿತೆಂದರೆ, ಮರುದಿನ ಹೆಡ್‌ಮಾಸ್ತರನಿಗೆ ಫೋನು ಮಾಡಿ ಬರುವುದಿಲ್ಲ ಎಂದೆ. ಆರಾಮ ಇಲ್ಲೇನ್ರಿ ಸರ ಎಂದ. ಹೌದು ಎಂದೆ. ಸ್ವದೇಶಿ ಎಂದು ಬೂಟಿನ ನಾಲಗೆಯ ಚೀಟಿ ಹುಡುಕುವವನು ನಾನು. ನನ್ನ ದೇಶದವನೊಬ್ಬ ನನ್ನ ಅಳತೆಗೆ ಹೊಲಿದದ್ದನ್ನು ಹಿಡಿದು ಸಂಜೆಯವರೆಗೆ ಗೇಟಿನಲ್ಲಿ ನಿಂತಿದ್ದಾಗ ಅವನನ್ನು ನಮ್ಮವನೆಂದು ಒಳಗೆ ಕರೆಯಲಾರದೆ ಹೋದವನು. ಮಕ್ಕಳಿಗೆ ಏನು ಹೇಳಲಿ?

ಅಂದು ಆ ಮನೆಯಿಂದ ಹೊರಡುವಾಗ ಜೋಡನ್ನು ಕಂಕುಳಲ್ಲಿ ಇಟ್ಟುಕೊಂಡು ಬೂಟಿಗೆ ಕೈ ಹಾಕಿದ್ದೆ. ಯಲ್ಲಪ್ಪ ಕಿಟಕಿಯಿಂದ ಕೂಗಿದರು: "ಮೆಟಗೊಂಡ ಹೋಗ್ರಿ ಮಾಸ್ತರ್ರ! ಕಣ್ಣಿಗಂತೂ ಕಾಣಾಂಗಿಲ್ಲ. ಸಪ್ಪಳರೆ ಕೇಳತೇನಿ."

ನಾನು ಸುಜಾತಾಳ ಮುಖ ನೋಡಿದೆ. ಆಕೆ ನನ್ನ ಬೂಟುಗಳನ್ನು ಎತ್ತಿ ಒಂದು ಕೈಚೀಲದಲ್ಲಿ ಹಾಕಿ ನನ್ನ ಕೈಗೆ ಕೊಟ್ಟಳು.

ಬೆರಳ ತುದಿಯನ್ನಷ್ಟೇ ಪಟ್ಟಿಯ ಕೆಳಗೆ ತುರುಕಿ, ಹಿಮ್ಮಡಿಯನ್ನು ಹೇಗೋ ತಳದ ಮೇಲೆ ಒತ್ತಿ ಹೆಜ್ಜೆಯಿಟ್ಟೆ. ಕಿರ್ರ್. ಇನ್ನೊಂದು ಹೆಜ್ಜೆ. ಕಿರ್ರ್. ಹದಿನೇಳು ವರ್ಷ ಪೆಟ್ಟಿಗೆಯಲ್ಲಿ ಮಲಗಿದ್ದ ದನಿ ಅಗಸಿಯ ಹತ್ತಿರ ಅಪ್ಪ ಬಂದಾಗ ಕೇಳುತ್ತಿದ್ದ ಹಾಗೆಯೇ ಕೇಳಿತು. ಪಟ್ಟಿ ಚರ್ಮ ಕೊರೆದು ಕಣ್ಣಲ್ಲಿ ನೀರು ಬಂತು. ಕುಂಟಿದರೆ ಸಪ್ಪಳದ ತಾಳ ತಪ್ಪುತ್ತದೆ, ಮುದುಕನಿಗೆ ತಿಳಿದುಬಿಡುತ್ತದೆ. ಹಲ್ಲು ಕಚ್ಚಿ ಅಪ್ಪನ ಹಾಗೆ ನೆಟ್ಟಗೆ ನಡೆದೆ. ಹಿಂದೆ ಕಿಟಕಿಯಲ್ಲಿ ಯಲ್ಲಪ್ಪನವರ ದನಿ: "ಹಾಂ! ಹಾಂ! ನಮ್ಮ ಗೌಡ್ರ ಹೊಂಟಂಗಾತ ನೋಡವಾ!"

ಓಣಿಯ ತಿರುವಿನಲ್ಲಿ ವಿದ್ಯುತ್ ಕಂಬ ಹಿಡಿದು ನಿಂತು ಚಪ್ಪಲಿ ಕಳಚಿದೆ. ಪಟ್ಟಿ ಕೊರೆದ ಕಡೆ ರಕ್ತ ಜಿನುಗುತ್ತಿತ್ತು. ಚೀಲದಿಂದ ಬೂಟು ತೆಗೆದು ಹಾಕಿಕೊಳ್ಳುತ್ತ ತಿರುಗಿ ನೋಡಿದರೆ ನೀಲಿ ಬಾಗಿಲಲ್ಲಿ ಸುಜಾತಾ ನಿಂತಿದ್ದಳು. ಎಲ್ಲವನ್ನೂ ನೋಡಿದ್ದಳು. ಆಮೇಲೆ ಆಕೆ ಒಳಗೆ ಮುಖ ತಿರುಗಿಸಿ ಅಪ್ಪನಿಗೆ ಹೇಳಿದ್ದು ನನಗೂ ಕೇಳಿಸಿತು.

"ಹೂಂ ಅಪ್ಪಾ. ಬರೋಬ್ಬರಿ ಕುಂತಾವು."